ಕಿರುಬಾಗಿಲಿನಿಂದ ಬಂದ ಮೃತ್ಯು

ಮೃತ್ಯುವಿನ ಮಾತನ್ನು ದೀಪ ಹಚ್ಚಿದ ಮೇಲೆ ಮನೆಯೊಳಗೆ ಆಡಬಾರದೆಂದು ಹಿರಿಯರು ಹೇಳುವುದುಂಟು. ಆದರೂ ವರ್ತಮಾನಪತ್ರಿಕೆಯನ್ನು ಕೈಗೆತ್ತಿಕೊಂಡವರಲ್ಲಿ ಅಪಮೃತ್ಯುವಿನ ವಾರ್ತೆಯನ್ನು ಓದದೆ ಪುಟ ಮಗುಚುವವರು ವಿರಳ. ಇಂತಹ ಕುತೂಹಲವು ಮನುಷ್ಯನಿಗೆ ಸಹಜವಾದುದರಿಂದ ನಾವು ಅದನ್ನು ಹಳಿಯುವುದಿಲ್ಲ. ಆದರೆ ಅದು ಬರಿಯ ರೋಮಾಂಚದಲ್ಲಿ ಮುಗಿದುಹೋದರೆ ಓದಿದ ಪ್ರಯೋಜನವೇನು? ವಿಚಿತ್ರಮರಣದ ಕಥೆಯೊಂದು ಕಿವಿಗೆ ಬಿದ್ದಾಗ ವಿವೇಕಿಗಳು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ನಿಜವಾಗಿ ನಡೆದುದೇ? ನಡೆದುದಾದರೆ ಮೃತ್ಯುವು ಒಳಹೊಗಲು ತೆರೆದಿದ್ದ ಬಾಗಿಲು ಯಾವುದು?

ಪರೀಕ್ಷಿದ್ರಾಜನ ಕಥೆಯನ್ನು ಅರಿಯದ ವಾಚಕರು ಯಾರಿದ್ದಾರೆ? ಏಳು ದಿನಗಳೊಳಗೆ ತಕ್ಷಕನಿಂದ ಸಾವೆಂಬ ಶಾಪವನ್ನು ಕೇಳಿ ಅವನು ಒಂಟಿಕಂಬದ ಉಪ್ಪರಿಗೆಯನ್ನು ಕಟ್ಟಿಸಿ, ಸುತ್ತಲೂ ಕಾವಲಿರಿಸಿ, ವಿಷವೈದ್ಯರನ್ನೂ ಮಂತ್ರಜ್ಞರನ್ನೂ ಬಳಿಯಲ್ಲಿ ಇಟ್ಟುಕೊಂಡು ಕುಳಿತನು. ಕಾವಲುಗಾರರು ಹಾವನ್ನು ನಿರೀಕ್ಷಿಸುತ್ತಿದ್ದರು, ಬಂದುದು ಹಣ್ಣು. ಆ ಹಣ್ಣಿನೊಳಗೆ ಹುಳುವಿದ್ದಿತು, ಹುಳುವೇ ತಕ್ಷಕನಾಗಿದ್ದನು. ಹೆಬ್ಬಾಗಿಲನ್ನು ಭದ್ರಪಡಿಸಿದವನಿಗೆ ಮೃತ್ಯುವು ಕಿರುಬಾಗಿಲಿನಿಂದ ಬಂದಿತು.

ಇದಕ್ಕೆ ಹೋಲುವ ಕಥೆಯೊಂದು ಗ್ರೀಸ್ ದೇಶದಲ್ಲಿಯೂ ಉಂಟು. ಈಸ್ಕಿಲಸನೆಂಬ ಮಹಾನಾಟಕಕಾರನು ಕ್ರಿಸ್ತಪೂರ್ವ 456ರ ಸುಮಾರಿಗೆ ಸಿಸಿಲಿ ದ್ವೀಪದ ಗೇಲಾ ಪಟ್ಟಣದಲ್ಲಿ ತೀರಿಕೊಂಡನು. ಮೇಲಿನಿಂದ ಬೀಳುವ ವಸ್ತುವಿನಿಂದ ಸಾವೆಂಬ ಭವಿಷ್ಯವಾಣಿಯನ್ನು ಕೇಳಿ ಅವನು ಮನೆಯ ಸೂರನ್ನು ಬಿಟ್ಟು ಬಯಲಿನಲ್ಲಿ ಕುಳಿತನೆಂದೂ, ಹದ್ದೊಂದು ಅವನ ಬೋಳುತಲೆಯನ್ನು ಬಂಡೆಯೆಂದು ಭ್ರಮಿಸಿ ಆಮೆಯೊಂದನ್ನು ಅದರ ಮೇಲೆ ಕೆಡವಿತೆಂದೂ ಹೇಳುತ್ತಾರೆ. ಕೆಲವು ಜಾತಿಯ ಹದ್ದುಗಳು ಆಮೆಯ ಚಿಪ್ಪನ್ನು ಒಡೆಯಲು ಅದನ್ನು ಎತ್ತರದಿಂದ ಬಂಡೆಯ ಮೇಲೆ ಕೆಡವುವುದು ದಿಟ. ಆದರೆ ಈ ಕಥೆಯನ್ನು ಬರೆದಿಟ್ಟವರು ಕವಿಯ ಕಾಲಕ್ಕೆ ಹಲವು ಶತಮಾನಗಳ ಈಚಿನವರು. ಆದುದರಿಂದ ಇದನ್ನು ಪರೀಕ್ಷಿತನ ಕಥೆಯ ಪಕ್ಕದಲ್ಲಿಟ್ಟು, ಚರಿತ್ರೆಯ ಕಡೆಗೆ ತಿರುಗುವುದು ಒಳ್ಳೆಯದು. ಅಲ್ಲಿ ಸಿಕ್ಕುವ ಸಂಗತಿಗಳು ಕಥೆಗಿಂತ ಕಡಮೆ ವಿಚಿತ್ರವಾಗಿಲ್ಲ.

ದಿಲ್ಲಿಯ ಮೊದಲನೆಯ ಸುಲ್ತಾನನೆನಿಸಿದ ಕುತುಬುದ್ದೀನ್ ಐಬಕನು ಎಷ್ಟೋ ರಣರಂಗಗಳಲ್ಲಿ ಉಳಿದು ಬಂದವನು. 1210ರಲ್ಲಿ ಲಾಹೋರಿನಲ್ಲಿ ಚೌಗಾನವೆಂಬ ಕುದುರೆಚೆಂಡಾಟವನ್ನು ಆಡುತ್ತಿರುವಾಗ ಕುದುರೆಯು ಮುಗ್ಗರಿಸಿ, ಜೀನಿನ ಮುಂಗೊಂಬು ಎದೆಗೆ ಹೊಕ್ಕು ಸತ್ತನು. ಶೇರ್ ಶಹನ ಸಾವು ಇದಕ್ಕಿಂತಲೂ ಘೋರವಾದುದು. 1545ನೆಯ ಇಸವಿಯ ಮೇ ತಿಂಗಳಲ್ಲಿ ಬುಂದೇಲಖಂಡದ ಕಾಲಿಂಜರದ ದುರ್ಗಕ್ಕೆ ಅವನು ಮುತ್ತಿಗೆ ಹಾಕಿದ್ದನು. ಅವನ ಸೈನ್ಯದವರು ಎಸೆದ ಮದ್ದಿನ ಬಾಣವೊಂದು ಕೋಟೆಯ ಗೋಡೆಗೆ ಬಡಿದು ಹಿಂದಕ್ಕೆ ಚಿಮ್ಮಿ, ಅವನ ಬಳಿಯಲ್ಲಿಯೇ ರಾಶಿ ಹಾಕಿದ್ದ ಮದ್ದಿನ ಮೇಲೆ ಬಿದ್ದಿತು. ಮೈಯೆಲ್ಲ ಬೆಂದುಹೋದರೂ ಅವನು ಸಾಯಂಕಾಲದವರೆಗೆ ಪ್ರಾಣವನ್ನು ಹಿಡಿದಿದ್ದು, ಕೋಟೆಯು ವಶವಾಯಿತೆಂಬ ವಾರ್ತೆಯನ್ನು ಕೇಳಿದ ಮೇಲೆ ಕಣ್ಣು ಮುಚ್ಚಿದನು. ವೈರಿಯ ಗುಂಡು ಅವನನ್ನು ಮುಟ್ಟಲಿಲ್ಲ. ತನ್ನ ಮದ್ದೇ ತನಗೆ ಮೃತ್ಯುವಾಯಿತು.

ಈ ಶೇರ್ ಶಹನಿಂದ ಸೋತು ದೇಶಭ್ರಷ್ಟನಾಗಿದ್ದ ಹುಮಾಯೂನನು ಹದಿನೈದು ವರ್ಷಗಳ ತರುವಾಯ, 1555ರಲ್ಲಿ, ದಿಲ್ಲಿಯನ್ನು ಮರಳಿ ಪಡೆದನು. ಆದರೆ ಅದನ್ನು ಆಳುವ ಭಾಗ್ಯವು ಕೆಲವು ತಿಂಗಳು ಮಾತ್ರ. 1556ನೆಯ ಜನವರಿಯಲ್ಲಿ ತನ್ನ ಪುಸ್ತಕಭಂಡಾರದ ಮಹಡಿಯಿಂದ ಇಳಿಯುತ್ತಿರುವಾಗ ಪ್ರಾರ್ಥನೆಯ ಕರೆಯು ಕೇಳಿಸಿತು. ಭಕ್ತಿಯಿಂದ ಮೆಟ್ಟಲಿನ ಮೇಲೆಯೇ ಮಂಡಿಯೂರಲು ಹೋದಾಗ ನಿಲುವಂಗಿಯು ಕಾಲಿಗೆ ಸಿಕ್ಕಿ ಉರುಳಿಬಿದ್ದು, ತಲೆಗೆ ಪೆಟ್ಟಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡನು. ಮಗನಾದ ಅಕ್ಬರನಿಗೆ ಆಗ ಹದಿಮೂರು ವಯಸ್ಸು. ರಾಜ್ಯವು ಕೈಬಿಟ್ಟೀತೆಂಬ ಭಯದಿಂದ ಮರಣವಾರ್ತೆಯನ್ನು ಕೆಲವು ದಿನ ಗುಟ್ಟಾಗಿರಿಸಿದರು. ಆ ಕಟ್ಟಡವು ದಿಲ್ಲಿಯ ಹಳೆಯ ಕೋಟೆಯಲ್ಲಿ ಇಂದಿಗೂ ನಿಂತಿದೆ. ಅದರ ಹೆಸರು ಶೇರ್ ಮಂಡಲ. ಶೇರ್ ಶಹನೇ ಕಟ್ಟಿಸಿದುದೆಂದು ಪ್ರತೀತಿ. ಬದುಕಿರುವಾಗ ಓಡಿಸಿದ ವೈರಿಯು ಸತ್ತ ಮೇಲೆಯೂ ಮೆಟ್ಟಲಾಗಿ ಕಾದಿದ್ದನೆಂದು ಕವಿಗಳು ಹೇಳಿಯಾರು. ಗೃಹಸ್ಥರಾದ ನಮಗೆ ಕಾಣುವುದು ಕಡಿದಾದ ಮೆಟ್ಟಲು ಮತ್ತು ನೀಳವಾದ ಉಡುಪು, ಇವೆರಡೇ.

ಬಿದ್ದು ಸತ್ತವರ ಮಾತು ಹೀಗಾದರೆ, ಸಣ್ಣ ಗಾಯದಿಂದ ಸತ್ತವರ ಪಟ್ಟಿ ಇನ್ನೂ ಉದ್ದವಾದುದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು ಶಸ್ತ್ರಚಿಕಿತ್ಸೆಯಿಂದ ಗುಣಹೊಂದಿದುದಕ್ಕಾಗಿ 1687ನೆಯ ಜನವರಿಯಲ್ಲಿ ಪ್ಯಾರಿಸ್ ನಗರದಲ್ಲಿ ಕೃತಜ್ಞತಾಗಾನವು ನಡೆಯಿತು. ಆಸ್ಥಾನದ ಸಂಗೀತಾಚಾರ್ಯನಾದ ಲೂಲಿಯು ದೊಡ್ಡ ಕೋಲನ್ನು ನೆಲಕ್ಕೆ ಕುಟ್ಟುತ್ತ ತಾಳ ಹಿಡಿಯುತ್ತಿದ್ದಾಗ ಆ ಕೋಲು ಅವನ ಕಾಲಿಗೇ ತಗುಲಿತು. ಗಾಯವು ಕೊಳೆಯಿತು, ಅಂಗಚ್ಛೇದಕ್ಕೆ ಅವನು ಒಪ್ಪಲಿಲ್ಲ. ಮಾರ್ಚಿಯಲ್ಲಿ ಮರಣಹೊಂದಿದನು. ಕತ್ತಿಯಿಂದ ಕೊಯ್ಯಿಸಿಕೊಂಡ ದೊರೆಯು ಬದುಕಿದನು. ಅವನ ಆರೋಗ್ಯಕ್ಕಾಗಿ ಹಾಡಿಸಿದವನು ಹೋದನು.

ಗ್ರೀಸಿನ ದೊರೆಯಾಗಿದ್ದ ಅಲೆಕ್ಸಾಂಡರನಿಗೆ ಕಪಿಯು ಮೃತ್ಯುವಾಯಿತು. 1920ನೆಯ ಅಕ್ಟೋಬರಿನಲ್ಲಿ ಅರಮನೆಯ ತೋಟದಲ್ಲಿ ಅವನ ನಾಯಿಗೂ ಒಂದು ಸಾಕುಕೋತಿಗೂ ಜಗಳ ಹತ್ತಿತು. ಬಿಡಿಸಹೋದ ದೊರೆಯನ್ನು ಮತ್ತೊಂದು ಕೋತಿಯು ಕಚ್ಚಿತು. ಗಾಯವು ವಿಷವಾಗಿ ರಕ್ತಕ್ಕೆ ಏರಿ, ಮೂರು ವಾರಗಳಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವನು ಸತ್ತನು. ಪದಚ್ಯುತನಾಗಿದ್ದ ಅವನ ತಂದೆಯು ಪುನಃ ಸಿಂಹಾಸನವೇರಿದನು. 1922ರಲ್ಲಿ ಗ್ರೀಕರ ಸೈನ್ಯವು ತುರ್ಕಿಯಲ್ಲಿ ಸರ್ವನಾಶವಾಯಿತು. ಕೋತಿಯ ಹಲ್ಲಿನಿಂದ ರಾಜ್ಯದ ಗತಿಯೇ ಬದಲಾಯಿತೆಂದು ಹೇಳುವವರಿದ್ದಾರೆ.

ಈ ಇಬ್ಬರನ್ನೂ ಕೊಂದುದು ವಿಧಿಯೆಂದು ಹೇಳಿ ಸುಮ್ಮನಿರಬಹುದು. ಆದರೆ ಗಾಯದಲ್ಲಿ ಹೊಕ್ಕ ಸೂಕ್ಷ್ಮಕ್ರಿಮಿಗಳೆಂದು ಕಂಡುಕೊಂಡವರು ಸುಮ್ಮನಿರಲಿಲ್ಲ. 1928ರಲ್ಲಿ ಫ್ಲೆಮಿಂಗ್ ಎಂಬ ವಿದ್ವಾಂಸನು ಪೆನಿಸಿಲಿನ್ನನ್ನು ಗುರುತಿಸಿದನು. 1941ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ಗಾಯದ ನಂಜು ಏರಿ ಮರಣಾವಸ್ಥೆಯಲ್ಲಿದ್ದ ಒಬ್ಬ ಪೊಲೀಸಿನವನಿಗೆ ಅದನ್ನು ಕೊಟ್ಟರು. ಒಂದೆರಡು ದಿನಗಳಲ್ಲಿಯೇ ಜ್ವರವಿಳಿದು ಅವನು ಆಹಾರವನ್ನು ತೆಗೆದುಕೊಂಡನು. ಆದರೆ ಔಷಧವು ಅತ್ಯಲ್ಪವಾಗಿದ್ದಿತು. ಅವನ ಮೂತ್ರದಿಂದಲೇ ಅದನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಸಾಲದೆ ಹೋಗಿ, ಮಾರ್ಚಿಯಲ್ಲಿ ಅವನು ಸತ್ತನು. ಅವನು ಬದುಕಲಿಲ್ಲ, ದಿಟ. ಆದರೆ ಅವನ ತರುವಾಯ ಬದುಕಿದವರು ಲಕ್ಷಾಂತರ ಮಂದಿ.

ಮದ್ದಿಲ್ಲದ ಕಾಲದ ನಿರುಪಾಯವನ್ನು ನಮ್ಮ ಕನ್ನಡನಾಡಿನ ಚರಿತ್ರೆಯಲ್ಲಿಯೇ ನೋಡಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆಹವಮಲ್ಲ ಸೋಮೇಶ್ವರನು ಚೋಳರೊಡನೆ ಜೀವಮಾನವಿಡೀ ಹೋರಾಡಿದವನು. ವೈದ್ಯರಿಂದ ವಾಸಿಯಾಗದ ಜ್ವರವು ಹಿಡಿಯಲು, 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಇಳಿದು ಜಲಸಮಾಧಿಯನ್ನು ಹೊಂದಿದನು. ಅವನ ಮಗನ ಆಸ್ಥಾನಕವಿ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಈ ಸಂಗತಿಯನ್ನು ಗಂಭೀರವಾಗಿ ವರ್ಣಿಸಿದ್ದಾನೆ. ಕಾವ್ಯದ ಗಾಂಭೀರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಚಕ್ರವರ್ತಿಗೂ ದೊರಕದಿದ್ದ ಚಿಕಿತ್ಸೆಯು ಇಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಬಡವನಿಗೂ ದೊರಕುವ ಕಾಲ ಬಂದಿದೆಯಾದುದರಿಂದ, ನಿರಾಶೆಯಿಂದ ಹೊಳೆಯ ಕಡೆಗೆ ನಡೆಯುವುದು ಈಗ ಯಾರಿಗೂ ತಕ್ಕ ದಾರಿಯಲ್ಲ.

ಹಾಗೆಂದು ಔಷಧವೆಂಬ ಹೆಸರುಳ್ಳದ್ದೆಲ್ಲ ಅಮೃತವೇ? ಕಟ್ಟಕಡೆಯ ಬಾಗಿಲು ಇರುವುದು ಇಲ್ಲಿಯೇ. ಅಮೆರಿಕದಲ್ಲಿ ಬೈಯರ್ಸ್ ಎಂಬ ಧನಿಕನು ಕೈಗೆ ಪೆಟ್ಟಾಗಿ ನೋಯುತ್ತಿದ್ದಾಗ, 1927ರ ಸುಮಾರಿಗೆ, ವೈದ್ಯನ ಮಾತಿನಂತೆ ರೇಡಿಯಂ ಬೆರಸಿದ ನೀರನ್ನು ಪುಷ್ಟಿಗೆಂದು ಕುಡಿಯತೊಡಗಿದನು. ಒಂದು ಸಾವಿರಕ್ಕೂ ಮಿಕ್ಕ ಸೀಸೆಗಳನ್ನು ಮುಗಿಸಿದನು. ಹಲ್ಲುಗಳು ಉದುರಿದುವು, ದವಡೆಯ ಮೂಳೆ ಕೊಳೆತು ಕಳಚಿತು, ತಲೆಬುರುಡೆಯಲ್ಲಿ ರಂಧ್ರಗಳಾದುವು. 1932ರಲ್ಲಿ ಸತ್ತವನನ್ನು ಸೀಸದ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ಹೂಳಿದರು. 1965ರಲ್ಲಿ ತೆಗೆದು ಪರೀಕ್ಷಿಸಿದಾಗಲೂ ಆ ಮೂಳೆಗಳಿಂದ ರೇಡಿಯಂ ಕಿರಣಗಳು ಹೊಮ್ಮುತ್ತಲೇ ಇದ್ದುವು. ಇವನಿಗಿಂತ ಮೊದಲೇ, ಗಡಿಯಾರದ ಅಂಕಿಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪುಮಾಡುತ್ತ, ಇದೇ ರೀತಿಯಾಗಿ ನರಳಿ ಸತ್ತಿದ್ದರು. ಅವರು ಬಡವರು; ಅವರ ಕೂಗನ್ನು ಬೇಗನೆ ಕೇಳಿದವರಿಲ್ಲ.

1937ರಲ್ಲಿ ಅದೇ ದೇಶದಲ್ಲಿ ಗಂಟಲುಬೇನೆಯ ಒಳ್ಳೆಯ ಔಷಧವೊಂದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿ, ಹಣ್ಣಿನ ರುಚಿ ಕೂಡಿಸಿ ಮಾರಿದರು. ಆ ದ್ರವವು ವಿಷ. ಅನೇಕ ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಜನರು ಸತ್ತರು. ಪರೀಕ್ಷೆಯಿಲ್ಲದೆ ಮಾರುವುದು ಆಗ ಅಪರಾಧವೇ ಆಗಿರಲಿಲ್ಲ! ಹೆಸರಿಗೆ ತಕ್ಕ ಮದ್ಯಸಾರವು ಅದರಲ್ಲಿ ಇಲ್ಲವೆಂಬ ನೆಪದ ಮೇಲೆ ಅಧಿಕಾರಿಗಳು ಸೀಸೆಗಳನ್ನು ಹಿಡಿದರು. ಮರುವರ್ಷವೇ, ಹೊಸ ಔಷಧವನ್ನು ಪರೀಕ್ಷಿಸಿದ ಹೊರತು ಮಾರಕೂಡದೆಂಬ ಕಾನೂನು ಬಂದಿತು. ಆದರೂ 2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಅರುವತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡಗಳು ಕೆಟ್ಟು ಸತ್ತರು. ನಮ್ಮ ದೇಶದಲ್ಲಿಯೇ ತಯಾರಾದ ಕೆಮ್ಮಿನ ಮದ್ದುಗಳಲ್ಲಿ ಅದೇ ವಿಷವು ಕಂಡುಬಂದುದಾಗಿ ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಕೆ ಕೊಟ್ಟಿತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಗುರುತಿಸಿ ಮುಚ್ಚಿದ ಬಾಗಿಲನ್ನು ಅಜಾಗ್ರತೆಯು ಮತ್ತೆ ತೆರೆಯಿತು. ಸಿಹಿಯೆಂದು ಬಾಯಿ ತೆರೆದ ಮಗುವಿಗೆ ಆ ಚಮಚದೊಳಗೇ ತಕ್ಷಕನಿದ್ದನು.

ಮರಣವು ಎಲ್ಲರಿಗೂ ನಿಶ್ಚಿತ. ಆದರೆ ಅಪಮೃತ್ಯುಗಳಲ್ಲಿ ಬಹುಪಾಲು ತಡೆಯಬಹುದಾದುವು. ಆದುದರಿಂದ ಈ ಲೇಖನವನ್ನು ಓದಿ ಮುಗಿಸಿದ ಗೃಹಸ್ಥರು ಮನೆಯಲ್ಲಿ ಕೆಲವು ಕೆಲಸಗಳನ್ನು ಮಾಡಲಿ. ಮಹಡಿಯ ಮೆಟ್ಟಲಿಗೆ ಹಿಡಿಗೋಲೂ ದೀಪವೂ ಇರುವುವೇ ಎಂದು ನೋಡಲಿ. ಪ್ರಾಣಿ ಕಚ್ಚಿದರೆ, ಗಾಯವು ಸಣ್ಣದೆಂದು ಬಿಡದೆ, ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಲಿ. ಕಪಾಟಿನಲ್ಲಿರುವ ಹಳೆಯ ಮದ್ದಿನ ಸೀಸೆಗಳನ್ನು ಇಳಿಸಿ, ಅವಧಿ ಮೀರಿದುದನ್ನು ತೆಗೆದುಹಾಕಲಿ. ಎಳೆಯ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೆಮ್ಮಿನ ಮದ್ದನ್ನು ಕುಡಿಸದಿರಲಿ. ಇವಿಷ್ಟಕ್ಕೆ ಒಂದು ಸಾಯಂಕಾಲ ಸಾಕು.