ಹತ್ತು ನಿಮಿಷ ಕಣ್ಣು ಮುಚ್ಚಿದರೆ ಸಾಕೇ?

ಶಾಲೆ, ಪಿಯು ಕಾಲೇಜುಗಳಲ್ಲಿ ದಿನಕ್ಕೆ ಹತ್ತು ನಿಮಿಷ ಧ್ಯಾನ ಮಾಡಿಸಿ ಎಂದು 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅಧಿಕಾರಿಗಳಿಗೆ ಸೂಚಿಸಿದರು. ಆಗ ಎದ್ದ ಗದ್ದಲವೆಲ್ಲ ಧರ್ಮದ ಸುತ್ತಲೇ ಗಿರಕಿ ಹೊಡೆಯಿತು. ಮಕ್ಕಳಿಗೆ ಅದರಿಂದ ಉಪಯೋಗವಿದೆಯೇ ಎಂದು ಕೇಳಿದವರು ಕಡಿಮೆ. ಉತ್ತರವೋ, ಅದೇ ವರ್ಷ ಬ್ರಿಟನ್ನಿನಿಂದ ಬಂದಿತ್ತು. ‘ಮಿರಿಯಡ್’ ಎಂಬ ಅಧ್ಯಯನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡಿತ್ತು. ಅರ್ಧದಷ್ಟು ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರೇ ಮೈಂಡ್‌ಫುಲ್‌ನೆಸ್ (ಉಸಿರಿನತ್ತ ಗಮನವಿಡುವ ಧ್ಯಾನ) ಕಲಿಸಿದರು. ಉಳಿದವುಗಳಲ್ಲಿ ಮಾಮೂಲಿ ಪಾಠ. ಖಿನ್ನತೆಯಲ್ಲಾಗಲಿ ನೆಮ್ಮದಿಯಲ್ಲಾಗಲಿ ಎರಡು ಗುಂಪಿನ ಮಕ್ಕಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಶಿಕ್ಷಕರ ದಣಿವು ಮಾತ್ರ ಕೊಂಚ ಇಳಿಯಿತು, ಅದೂ ಹೆಚ್ಚು ಕಾಲ ಉಳಿಯಲಿಲ್ಲ.

ಹಾಗಾದರೆ ಈ ವಿದ್ಯೆಯೇ ಸುಳ್ಳೇ? ಅಲ್ಲ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಇದನ್ನು ಆಸ್ಪತ್ರೆಗೆ ತಂದಾಗ ಎದುರಿಗಿದ್ದವರು ದೀರ್ಘಕಾಲದ ನೋವಿನಿಂದ ಬಳಲಿ, ತಾವಾಗಿಯೇ ಒಪ್ಪಿ ಬಂದ ದೊಡ್ಡವರು. ಹಲವು ವಾರ, ಮನೆಯಲ್ಲೂ ನಿತ್ಯ ಅಭ್ಯಾಸ. ಉಸಿರು ಮೂಗಿನ ಹೊಳ್ಳೆಗೆ ತಾಗುವುದನ್ನು ಗಮನಿಸಬೇಕು. ಮನಸ್ಸು ತಪ್ಪಿಸಿಕೊಂಡರೆ ಬೈದುಕೊಳ್ಳದೆ ಎಳೆತರಬೇಕು. ಆ ಎಳೆತರುವುದೇ ಕಸರತ್ತು, ಸಾವಿರ ಸಲ ಮಾಡಿದರಷ್ಟೇ ಫಲ. ಮಿರಿಯಡ್‌ನ ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದಂಥ ಊರಿನಲ್ಲಿ, ಹೊರಗೆ ಅದಿರು ಲಾರಿ ಹಾರನ್ ಹೊಡೆಯುತ್ತಿರುವಾಗ, ಬೆಲ್ ಆದೊಡನೆ ಕಣ್ಣು ಮುಚ್ಚು ಎಂದರೆ ಅದು ಪ್ರಾರ್ಥನೆಯ ಸಾಲಿನಂತೆ ಇನ್ನೊಂದು ಕವಾಯತು, ಅಷ್ಟೇ. ಮನೆಯ ಜಗಳವನ್ನೋ ಸಾಲವನ್ನೋ ತಲೆಯಲ್ಲಿ ಹೊತ್ತು ಬಂದ ಮಗುವಿಗೆ ಮುಚ್ಚಿದ ಕಣ್ಣೊಳಗೆ ಅದೇ ಚಿಂತೆ ದೊಡ್ಡದಾಗಬಹುದು.

ಖರ್ಚಿಲ್ಲ, ಕೆಟ್ಟದ್ದೂ ಆಗದು, ಮಾಡಿಸಿದರೇನು ಎನ್ನುವವರಿದ್ದಾರೆ. ಆದರೆ ಮೊದಲೇ ಮನಸ್ಸು ಕುಗ್ಗಿದ್ದ ಮಕ್ಕಳಿಗೆ ಈ ಪಾಠದಿಂದ ತುಸು ತೊಂದರೆಯೇ ಆಗಿರಬಹುದೆಂಬ ಸುಳಿವು ಮಿರಿಯಡ್‌ನಲ್ಲೇ ಇದೆ. ನಮ್ಮಲ್ಲೇ ಧ್ಯಾನದ ಪರಂಪರೆ ಇದೆಯಲ್ಲ ಎಂಬುದು ಇನ್ನೊಂದು ವಾದ. ನಿಜ, ಶಿವಯೋಗಕ್ಕೆ ಚಿತ್ರದುರ್ಗ ಸೀಮೆ ಹೊಸತಲ್ಲ. ಆದರೆ ಅದನ್ನು ಹಾಜರಿ ಪುಸ್ತಕ ಹಿಡಿದು ಕಲಿಸಿದವರಿಲ್ಲ. ಹಾಗಾದರೆ ಮೊದಲು ಮಾಡಬೇಕಾದ್ದೇನು? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ನಲವತ್ತರ ತರಗತಿಯಲ್ಲಿ ಸುಮಾರು ಮೂವರು. ಹತ್ತು ನಿಮಿಷವನ್ನು ಇಷ್ಟಪಟ್ಟ ಮಕ್ಕಳಿಗೆ ಬಿಟ್ಟು, ಆ ಮೂವರನ್ನು ಗುರುತಿಸುವ ತರಬೇತಿಯನ್ನು ಸರ್ಕಾರ ಮೇಷ್ಟ್ರಿಗೆ ಮೊದಲು ಕೊಡಲಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವಂತಿರಲಿ.