ನಾಲ್ಕು ಪ್ರಶ್ನೆಗೆ ಉತ್ತರಿಸಿದರೆ ಶುಗರ್ ಇದೆಯೋ ಇಲ್ಲವೋ ಗೊತ್ತಾಗುತ್ತಾ?

‘ಸುಸ್ತಾಗುತ್ತಾ? ಬಾಯಾರಿಕೆಯಾ? ಮೂರಕ್ಕೆ ಹೌದು ಎಂದರೆ ನಿಮಗೆ ಶುಗರ್ ಇದೆ’ ಎಂಬಂಥ ಫಾರ್ವರ್ಡ್ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಹಂಚುವ ಮೊದಲು ಒಂದು ವಿಷಯ ನೋಡಿ: ಈ ಪ್ರಶ್ನೆಗಳು ಕಾಯಿಲೆ ಇರುವವರನ್ನು ಇಲ್ಲದವರಿಂದ ಬೇರ್ಪಡಿಸುತ್ತವೆಯೇ?

ಹೆಬ್ಬಾಳ ಮೇಲ್ಸೇತುವೆಯ ಟ್ರಾಫಿಕ್ ದಾಟಿ ಮನೆಗೆ ಬಂದವರನ್ನು ‘ಸುಸ್ತಾಗಿದೆಯಾ’ ಎಂದು ಕೇಳಿ. ಹೆಚ್ಚುಕಡಿಮೆ ಎಲ್ಲರೂ ಹೌದು ಎನ್ನುತ್ತಾರೆ. ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆಯಿಂದ ಯಾರಿಗೆ ಕಾಯಿಲೆ ಎಂದು ತಿಳಿಯುವುದಿಲ್ಲ.

ಒಳ್ಳೆಯ ಪ್ರಶ್ನಾವಳಿಗೂ ಮಿತಿ ಇದೆ

ಚೆನ್ನೈನ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ಮಧುಮೇಹದ ಅಪಾಯ ಅಳೆಯುವ ಅಂಕಪಟ್ಟಿ ಪ್ರಕಟಿಸಿತು. ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ತಂದೆ-ತಾಯಿಗೆ ಶುಗರ್ ಇದೆಯೇ ಎಂಬ ನಾಲ್ಕು ವಿಷಯಕ್ಕೆ ಒಟ್ಟು 100 ಅಂಕ. 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು.

ಇದನ್ನು ರಕ್ತಪರೀಕ್ಷೆಯ ಜೊತೆ ಹೋಲಿಸಿದಾಗ, ಶುಗರ್ ಇದ್ದ ಪ್ರತಿ 100 ಜನರಲ್ಲಿ ಸುಮಾರು 72 ಮಂದಿ ಸಿಕ್ಕರು, ಉಳಿದವರು ತಪ್ಪಿಹೋದರು. ಶುಗರ್ ಇಲ್ಲದ 100 ಜನರಲ್ಲಿ ಸುಮಾರು 40 ಮಂದಿಗೂ 60ಕ್ಕಿಂತ ಕಡಿಮೆ ಬರಲಿಲ್ಲ.

ಹಾಗಾದರೆ ಉಪಯೋಗವೇನು?

ಯಾರಿಗೆ ಮೊದಲು ಪರೀಕ್ಷೆ ಬೇಕು ಎಂದು ಆರಿಸಲು. ಯಲಹಂಕವಿರಲಿ, ಆರ್‌.ಟಿ. ನಗರವಿರಲಿ, ಆಶಾ ಕಾರ್ಯಕರ್ತೆ ತುಂಬಿಸಿಕೊಳ್ಳುವ ಫಾರಂ ಇರುವುದೂ ಇದಕ್ಕೇ. ಅದರಲ್ಲಿ ಅಂಕ 4 ದಾಟಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಆದರೆ ಅಂಕ ಕಡಿಮೆ ಬಂದರೂ 30 ದಾಟಿದ ಎಲ್ಲರಿಗೂ ತಪಾಸಣೆ ಬೇಕು.

ನೆನಪಿಡಿ: ಅಂಕ ಕಡಿಮೆ ಬಂತೆಂದು ಪರೀಕ್ಷೆ ಬಿಡಬೇಡಿ, ಹೆಚ್ಚು ಬಂತೆಂದು ನೀವೇ ಮಾತ್ರೆ ನುಂಗಬೇಡಿ. ಶುಗರ್ ಇದೆಯೋ ಇಲ್ಲವೋ ಎಂದು ಹೇಳುವುದು ರಕ್ತಪರೀಕ್ಷೆ ಮಾತ್ರ.