ಯೀಸ್ಟ್ ಎಲ್ಲಿ ನಿಂತಿತು: ಕೊಡಗಿನಲ್ಲಿ ಮೊದಲ ಕೆಂಪು ವೈನ್ ಆರಿಸುವವರಿಗೆ

ಮಡಿಕೇರಿ, ಕುಶಾಲನಗರಗಳ ಅಂಗಡಿಗಳಲ್ಲಿ ಕಾಫಿಪುಡಿ, ಜೇನು, ಕರಿಮೆಣಸುಗಳ ಜೊತೆಗೆ ‘ಹೋಂಮೇಡ್ ವೈನ್’ ಎಂಬ ಚೀಟಿ ಅಂಟಿಸಿದ ಬಾಟಲಿಗಳೂ ಸಾಲಾಗಿ ನಿಂತಿರುವುದು ಪ್ರವಾಸಿಗರಿಗೆಲ್ಲ ಪರಿಚಿತವಾದ ನೋಟ. ದ್ರಾಕ್ಷಿಯದಲ್ಲದೆ ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಶುಂಠಿ, ವೀಳ್ಯದೆಲೆಗಳ ವೈನುಗಳೂ ಅಲ್ಲಿ ಸಿಗುತ್ತವೆ. ಬಹುಪಾಲು ಎಲ್ಲವೂ ಸಿಹಿಯಾಗಿಯೇ ಇರುತ್ತವೆ. ವೈನ್ ಎಂದರೆ ಈ ಸಿಹಿಯೇ ಎಂದು ತಿಳಿದವರು ಮುಂದೊಮ್ಮೆ ಕ್ಯಾಬರ್ನೆ ಸೊವಿನ್ಯೋನ್‌ನಂತಹ ಕೆಂಪು ವೈನನ್ನು ಕೊಂಡರೆ, ಹುಳಿಯೂ ಒಗರೂ ಬೆರೆತ ಮೊದಲ ಗುಟುಕಿಗೇ ಮುಖ ಕಿವುಚುವುದು ಸಹಜ. ಎರಡೂ ದ್ರಾಕ್ಷಿಯಿಂದಲೇ ಆದ ಪಾನೀಯಗಳಾಗಿದ್ದೂ ಇಷ್ಟು ಅಂತರವೇಕೆ ಎಂಬುದನ್ನು ತಿಳಿಯಬೇಕಾದರೆ, ಅವುಗಳನ್ನು ತಯಾರಿಸಿದ ಜೀವಿಯು ತನ್ನ ಕೆಲಸವನ್ನು ಎಲ್ಲಿ ನಿಲ್ಲಿಸಿತು ಎಂದು ನೋಡಬೇಕಾಗುತ್ತದೆ.

ಆ ಜೀವಿಯೇ ಯೀಸ್ಟ್. ಅಣಬೆಗಳು ಸೇರಿರುವ ಶಿಲೀಂಧ್ರಗಳ ವರ್ಗಕ್ಕೇ ಸೇರಿದ, ಆದರೆ ಒಂದೇ ಜೀವಕೋಶದಿಂದಾದ ಇದರ ವೈಜ್ಞಾನಿಕ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಉದ್ದ ಸುಮಾರು 5ರಿಂದ 10 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನೂ ಮೀರುವುದು ಅಪರೂಪ. ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ ಮೊಟ್ಟೆಯಾಕಾರದ ಕೋಶದ ಬದಿಯಲ್ಲಿ ಸಣ್ಣ ಮೊಗ್ಗೊಂದು ಉಬ್ಬಿ, ಬೆಳೆದು, ಕಳಚಿಕೊಂಡು ಹೊಸ ಕೋಶವಾಗುವುದನ್ನೂ, ಕಳಚಿದ ಜಾಗದಲ್ಲಿ ತಾಯಿಕೋಶದ ಗೋಡೆಯ ಮೇಲೆ ದುಂಡನೆಯ ಕಲೆಯೊಂದು ಉಳಿಯುವುದನ್ನೂ ಕಾಣಬಹುದು; ಈ ಕಲೆಗಳನ್ನು ಎಣಿಸಿದರೆ ಆ ಕೋಶವು ಎಷ್ಟು ಬಾರಿ ಹಡೆದಿದೆಯೆಂಬುದು ತಿಳಿಯುತ್ತದೆ. ಹಣ್ಣಿನ ರಸವು ಮದ್ಯವಾಗುವುದು ಬರಿಯ ರಾಸಾಯನಿಕ ಕೊಳೆಯುವಿಕೆಯಲ್ಲ, ಜೀವಂತ ಯೀಸ್ಟಿನ ಕೆಲಸ ಎಂಬುದನ್ನು 1850ರ ದಶಕದಿಂದ ಮೊದಲ್ಗೊಂಡು ತನ್ನ ಪ್ರಯೋಗಗಳಿಂದ ಸ್ಥಾಪಿಸಿದವನು ಫ್ರಾನ್ಸಿನ ಲೂಯಿ ಪಾಸ್ಚರ್.

ಯೀಸ್ಟ್ ಸಕ್ಕರೆಯನ್ನು ಒಡೆದು ಎಥನಾಲ್ ಎಂಬ ಆಲ್ಕೊಹಾಲನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಹಾಕುತ್ತದೆ. ಆಮ್ಲಜನಕ ದೊರೆಯುವಾಗ ಸಕ್ಕರೆಯನ್ನು ಪೂರ್ತಿ ಉರಿಸಿದರೆ ಹೆಚ್ಚು ಶಕ್ತಿ ಸಿಗುತ್ತದೆಯಾದರೂ, ಸಕ್ಕರೆ ಧಾರಾಳವಾಗಿರುವಷ್ಟು ಕಾಲ ಈ ಯೀಸ್ಟ್ ಆಮ್ಲಜನಕವಿದ್ದರೂ ಆಲ್ಕೊಹಾಲನ್ನೇ ತಯಾರಿಸುತ್ತದೆ. ಜೀವರಸಾಯನ ವಿಜ್ಞಾನದಲ್ಲಿ ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮವೆಂದು ಹೆಸರು. ಮೇಲ್ನೋಟಕ್ಕೆ ದುಂದುಗಾರಿಕೆಯಾಗಿ ಕಾಣುವ ಈ ನಡವಳಿಕೆಯಿಂದ ಅದಕ್ಕೆ ಲಾಭವೇ ಇದೆ. ಹಣ್ಣಿನ ಮೇಲೆ ಅದರ ಜೊತೆಗಿರುವ ಇತರ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಆಲ್ಕೊಹಾಲನ್ನು ತಾಳಲಾರದೆ ಹಿಂದೆ ಸರಿಯುತ್ತವೆ, ಎದುರಾಳಿಗಳಿಲ್ಲದ ರಸವೆಲ್ಲ ಯೀಸ್ಟಿನ ಪಾಲಾಗುತ್ತದೆ. ಆದರೆ ತಾನೇ ತಯಾರಿಸಿದ ವಿಷಕ್ಕೆ ಕೊನೆಗೆ ಅದೂ ಸೋಲುತ್ತದೆ. ಆಲ್ಕೊಹಾಲಿನ ಪ್ರಮಾಣ ಶೇಕಡಾ 14-16ರ ಆಸುಪಾಸಿಗೆ ಏರಿದಾಗ ಬಹುತೇಕ ತಳಿಗಳು ಕೆಲಸ ನಿಲ್ಲಿಸುತ್ತವೆ.

ಸಿಹಿಯ ಗುಟ್ಟು ಇರುವುದು ಇಲ್ಲಿಯೇ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡಾ ಒಂದರಷ್ಟು ಆಲ್ಕೊಹಾಲ್ ಉತ್ಪತ್ತಿಯಾಗುತ್ತದೆ. ಲೀಟರಿಗೆ 220 ಗ್ರಾಂ ಸಕ್ಕರೆಯುಳ್ಳ ಮಾಗಿದ ವೈನ್ ದ್ರಾಕ್ಷಿಯ ರಸವನ್ನು ಯೀಸ್ಟ್ ಪೂರ್ತಿ ಮುಗಿಸಿದರೆ ಶೇಕಡಾ 13ರ ಸುಮಾರಿನ, ಸಿಹಿಯೇ ಇಲ್ಲದ ವೈನ್ ಸಿದ್ಧವಾಗುತ್ತದೆ. ಇದನ್ನೇ ‘ಡ್ರೈ’ ಎನ್ನುವುದು. ಮನೆಯ ಭರಣಿಯಲ್ಲಿ ನಡೆಯುವುದು ಬೇರೆ. ಹಿಸುಕಿದ ದ್ರಾಕ್ಷಿಗೆ ಸಕ್ಕರೆಯನ್ನು ಧಾರಾಳವಾಗಿ ಸುರಿದು, ಯೀಸ್ಟಿನ ಪೋಷಣೆಗೆಂದು ಹಿಡಿ ಗೋಧಿಯನ್ನೂ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಡುವುದು ವಾಡಿಕೆ. ಹಾಗೆ ಲೀಟರಿಗೆ 320 ಗ್ರಾಂ ಸಕ್ಕರೆಯಾಯಿತೆಂದು ಭಾವಿಸಿದರೆ, ಶೇಕಡಾ 14 ಆಲ್ಕೊಹಾಲಿಗೆ ಬೇಕಾದ 240 ಗ್ರಾಂ ಖರ್ಚಾಗಿ ಯೀಸ್ಟ್ ಸುಸ್ತಾದ ಮೇಲೂ 80 ಗ್ರಾಂ ಹಾಗೆಯೇ ಉಳಿಯುತ್ತದೆ. ಸಿಹಿಯಿದ್ದರೆ ಅಮಲು ಕಡಿಮೆ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಪೋರ್ಚುಗಲ್ಲಿನ ಪೋರ್ಟ್ ವೈನಿನಲ್ಲಂತೂ ಹುದುಗುವಿಕೆಯ ನಡುವೆಯೇ ದ್ರಾಕ್ಷಿಯ ಬ್ರಾಂಡಿಯನ್ನು ಸುರಿದು ಯೀಸ್ಟನ್ನು ಕೊಲ್ಲುವುದರಿಂದ ಸಿಹಿಯೂ ಉಳಿಯುತ್ತದೆ, ಆಲ್ಕೊಹಾಲೂ ಶೇಕಡಾ 20ರ ಹತ್ತಿರಕ್ಕೆ ಏರುತ್ತದೆ.

ಇನ್ನು ಒಗರಿನ ಮಾತು. ಬಹುತೇಕ ಕಪ್ಪು ದ್ರಾಕ್ಷಿಗಳ ತಿರುಳಿಗೆ ಹೇಳಿಕೊಳ್ಳುವಂಥ ಬಣ್ಣವಿರುವುದಿಲ್ಲ; ಆಂಥೋಸಯನಿನ್ ಎಂಬ ವರ್ಣದ್ರವ್ಯವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನಿಗೆ ರಸವನ್ನು ಸಿಪ್ಪೆ, ಬೀಜಗಳೊಂದಿಗೇ ಹುದುಗಿಸುತ್ತಾರೆ. ಏಳುವ ಅನಿಲದ ಒತ್ತಡಕ್ಕೆ ಸಿಪ್ಪೆಗಳು ಮೇಲೆ ತೇಲಿ ದಪ್ಪನೆಯ ಪದರವಾಗುವುದರಿಂದ ಅದನ್ನು ದಿನವೂ ಒತ್ತಿ ಮುಳುಗಿಸುತ್ತಾರೆ. ಬಣ್ಣದೊಂದಿಗೆ ಟ್ಯಾನಿನ್ ಎಂಬ ಒಗರು ದ್ರವ್ಯವೂ ಇಳಿದು ಬರುತ್ತದೆ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುಗುಣವನ್ನು ಕಳೆಯುವುದರಿಂದ ಎಳೆಯ ಅಡಕೆಯನ್ನು ಅಗಿದಾಗಿನಂತೆ ಬಾಯಿ ಬಿಗಿದುಕೊಳ್ಳುತ್ತದೆ. ಬಾಯಲ್ಲಿ ಮಾಂಸದ ಪ್ರೋಟೀನು, ಕೊಬ್ಬು ಇದ್ದರೆ ಟ್ಯಾನಿನ್ ಅವುಗಳಿಗೂ ಅಂಟಿಕೊಳ್ಳುವುದರಿಂದ ಒಗರಿನ ಅನುಭವ ಇಳಿಯುತ್ತದೆ. ಬರಿಯ ಬಾಯಲ್ಲಿ ಕುಡಿದಾಗ ಒರಟೆನಿಸಿದ ವೈನ್ ಪಂದಿಕರಿಯೊಂದಿಗೆ ಹದವೆನಿಸುವುದಕ್ಕೆ ಇದೇ ಕಾರಣ. ಮಾತ್ರವಲ್ಲ, ಪಂದಿಕರಿಗೆ ಹಾಕುವ ಕಾಚಂಪುಳಿಯ ಗಟ್ಟಿ ಹುಳಿಯ ಮುಂದೆ ವೈನಿನ ಹುಳಿಯೂ ಮೃದುವಾಗಿ ತೋರುತ್ತದೆ. ಖಾರ ಹೆಚ್ಚಿದ್ದರೆ ಮಾತ್ರ ಆಲ್ಕೊಹಾಲ್ ಉರಿಯನ್ನು ಇನ್ನಷ್ಟು ಏರಿಸುತ್ತದೆ.

ಹಣ್ಣು ಮಾಗುವ ಕಾಲದಲ್ಲಿ ಒಣಹವೆಯನ್ನು ಬೇಡುವ, ತೇವದಲ್ಲಿ ಬೂಜುರೋಗಗಳಿಗೆ ಬೇಗ ತುತ್ತಾಗುವ ದ್ರಾಕ್ಷಿಬಳ್ಳಿಗೆ ಕೊಡಗಿನ ಮಳೆ ಒಗ್ಗುವಂಥದ್ದಲ್ಲ. ಇಲ್ಲಿನ ವೈನಿಗೆ ದ್ರಾಕ್ಷಿ ಬರುವುದು ಬಯಲುಸೀಮೆಯಿಂದ. ಅಲ್ಲಿ ಹೆಸರಾಂತ ತಳಿಯೆಂದರೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ. ಅಮೆರಿಕ ಮೂಲದ ವೈಟಿಸ್ ಲ್ಯಾಬ್ರುಸ್ಕ ಪ್ರಭೇದದ ವಂಶಕ್ಕೆ ಸೇರಿದ ಈ ದ್ರಾಕ್ಷಿಯ ಗಾಢ ವಾಸನೆಗೆ ಮುಖ್ಯ ಕಾರಣ ಮೀಥೈಲ್ ಆಂಥ್ರಾನಿಲೇಟ್ ಎಂಬ ಸಂಯುಕ್ತ. ದ್ರಾಕ್ಷಿ ಪೆಪ್ಪರ್‌ಮಿಂಟುಗಳಿಗೆ ಪರಿಮಳ ಕೊಡಲು ಬಳಸುವುದೂ ಇದನ್ನೇ. ಜಗತ್ತಿನ ಪ್ರಸಿದ್ಧ ಕೆಂಪು ವೈನುಗಳೆಲ್ಲ ವೈಟಿಸ್ ವಿನಿಫೆರ ಎಂಬ ಮತ್ತೊಂದು ಪ್ರಭೇದದವು. ನಂದಿ ಬೆಟ್ಟದ ಬಳಿ 1988ರಲ್ಲಿ ಆರಂಭವಾದ ಗ್ರೋವರ್ ದ್ರಾಕ್ಷಿತೋಟ ಮತ್ತು 2007ರ ರಾಜ್ಯ ವೈನ್ ನೀತಿಯ ನಂತರ ಈ ತಳಿಗಳ ಬೇಸಾಯ ರಾಜ್ಯದಲ್ಲಿ ಬೇರೂರಿತು.

ಅವುಗಳಲ್ಲಿ ಕೊಡಗಿನ ಮೂಗಿಗೆ ತೀರ ಹತ್ತಿರವಾದದ್ದು ಶಿರಾಜ್. ಈ ವೈನಿನಲ್ಲಿ ಕಾಣಿಸುವ ಕರಿಮೆಣಸಿನ ವಾಸನೆ ಕೇವಲ ಕಲ್ಪನೆಯಲ್ಲ. ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದಂತೆ ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ಸಂಯುಕ್ತವು ದ್ರಾಕ್ಷಿಯಲ್ಲೂ ಕರಿಮೆಣಸಿನಲ್ಲೂ ಒಂದೇ. ಒಂದು ಲೀಟರಿನಲ್ಲಿ ಗ್ರಾಮಿನ ಕೋಟಿಯ ಒಂದಂಶಕ್ಕಿಂತಲೂ ಕಡಿಮೆಯಿದ್ದರೂ ಮೂಗಿಗೆ ಗೊತ್ತಾಗುವಷ್ಟು ಅದು ಪ್ರಬಲ. ಆ ವಿಜ್ಞಾನಿಗಳು ನಡೆಸಿದ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಂತೆ ಕೆಲವರಿಗೆ ಹೆಚ್ಚಿನ ಪ್ರಮಾಣದಲ್ಲಿಯೂ ಈ ವಾಸನೆ ತಿಳಿಯಲಿಲ್ಲ. ಹಾಗಾಗಿ ಒಂದೇ ಬಾಟಲಿಯ ವೈನಿನ ಬಗ್ಗೆ ಇಬ್ಬರ ಅಭಿಪ್ರಾಯ ಬೇರೆಯಾದರೆ ಇಬ್ಬರೂ ಸರಿಯಿರಬಹುದು. ಒಗರು ಕಡಿಮೆಯಿರಲಿ ಎನ್ನುವವರಿಗೆ ಮೆರ್ಲೊ ಅನುಕೂಲ. ಗಡಸು ಟ್ಯಾನಿನ್ನಿನ, ಕೆಲವೊಮ್ಮೆ ದೊಣ್ಣೆಮೆಣಸಿನಕಾಯಿಯ ಹಸಿವಾಸನೆಯನ್ನೂ ಬೀರುವ ಕ್ಯಾಬರ್ನೆ ಸೊವಿನ್ಯೋನ್ ಮೊದಲ ಬಾಟಲಿಯಾಗಲು ತಕ್ಕುದಲ್ಲ.

ಚೀಟಿಯಲ್ಲಿ ಮೊದಲು ನೋಡಬೇಕಾದುದು ಸಿಹಿಯ ವರ್ಗ ಮತ್ತು ಆಲ್ಕೊಹಾಲಿನ ಪ್ರಮಾಣ. ಅಂತರರಾಷ್ಟ್ರೀಯ ವಾಡಿಕೆಯಂತೆ ಲೀಟರಿಗೆ 4 ಗ್ರಾಮಿನವರೆಗೆ ಸಕ್ಕರೆ ಉಳಿದಿದ್ದರೆ ಡ್ರೈ, 45 ಗ್ರಾಂ ಅಥವಾ ಹೆಚ್ಚಿದ್ದರೆ ಸಿಹಿ. ಮನೆಯ ವೈನಿಗೆ ಒಗ್ಗಿದವರು ನಡುವಣ ವರ್ಗಗಳಿಂದ ಆರಂಭಿಸುವುದರಲ್ಲಿ ಸಂಕೋಚಪಡಬೇಕಿಲ್ಲ. ಹಳೆಯದಾದಷ್ಟೂ ಒಳ್ಳೆಯದೆಂಬ ಮಾತು ಅಗ್ಗದ ವೈನುಗಳಿಗೆ ಅನ್ವಯಿಸುವುದಿಲ್ಲ, ಅವು ಎರಡು ಮೂರು ವರ್ಷಗಳೊಳಗೆ ಕುಡಿಯಲೆಂದೇ ತಯಾರಾದವು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ನಿಯಮ ಹುಟ್ಟಿದ್ದು ಯೂರೋಪಿನ ಚಳಿಮನೆಗಳಲ್ಲಿ; 16ರಿಂದ 18 ಡಿಗ್ರಿ ಸೆಲ್ಸಿಯಸ್ ಹದವನ್ನು ಡಿಸೆಂಬರಿನ ಮಡಿಕೇರಿ ತಾನಾಗಿಯೇ ಒದಗಿಸಿದರೂ ಬೇಸಿಗೆಯಲ್ಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಮೇಲು. ತೆರೆದ ಮೇಲೆ ಅಸಿಟಿಕ್ ಬ್ಯಾಕ್ಟೀರಿಯಗಳು ಗಾಳಿಯ ನೆರವಿನಿಂದ ಆಲ್ಕೊಹಾಲನ್ನು ವಿನೆಗರ್ ಮಾಡತೊಡಗುವುದರಿಂದ, ಬಿರಡೆ ಬಿಗಿದು ತಣ್ಣಗಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು.

ಆಲ್ಕೊಹಾಲಿನ ಪ್ರಮಾಣ, ತಯಾರಕರ ವಿಳಾಸ, ಪರವಾನಗಿಯ ಉಲ್ಲೇಖಗಳಿಲ್ಲದ ಬಾಟಲಿಯನ್ನು ಕೊಳ್ಳದಿರುವುದೇ ಲೇಸು, ಏಕೆಂದರೆ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸಿ ಮಾರುವುದು ಅಪರಾಧ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್‌ನಿಂದಾಗಿ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ನಂಬಿ ಕುಡಿಯತೊಡಗುವುದೂ ಸಲ್ಲದು. ಒಂದು ಲೋಟದಲ್ಲಿ ಅದರ ಪ್ರಮಾಣ ಅತ್ಯಲ್ಪ, ಮತ್ತು ಆಲ್ಕೊಹಾಲ್ ಸೇವನೆಗೆ ಸುರಕ್ಷಿತ ಮಿತಿಯೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.